ಕಾಫಿ ಗೊತ್ತು, ಕಾಫಿ ಕಂಪನಿ ಗೊತ್ತೇ? ಚಿಕ್ಕಮಗಳೂರಿನ ಒಂದು ಷೇರು ತರಗತಿಯ ವಿಮರ್ಶೆ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಭಾನುವಾರಗಳಂದು ನಡೆಯುವ ಷೇರು ಹೂಡಿಕೆಯ ತರಗತಿಗೆ ನಾಮಫಲಕವೂ ಇಲ್ಲ, ಜಾಹೀರಾತೂ ಇಲ್ಲ. ಬಾಯಿಮಾತಿನಿಂದಲೇ ಜನ ಸೇರುತ್ತಾರೆ. ಎಂಟು ಭಾನುವಾರಗಳ ಪಾಠ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ, ಶುಲ್ಕ 4,500 ರೂಪಾಯಿ. ನಡೆಸುತ್ತಿರುವವರು ಬೆಂಗಳೂರಿನಲ್ಲಿ ಬಹುಕಾಲ ಲೆಕ್ಕಪರಿಶೋಧಕರಾಗಿದ್ದು ನಿವೃತ್ತಿಯ ನಂತರ ಊರಿಗೆ ಮರಳಿದ ಒಬ್ಬರು. ತರಗತಿಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ನಾನು ಸೇರಿದ್ದ ತಂಡದಲ್ಲಿ ಬೆಳೆಗಾರರು, ಇಬ್ಬರು ಕಾಲೇಜು ಉಪನ್ಯಾಸಕರು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಒಬ್ಬ ಗುಮಾಸ್ತರು, ಬಿ.ಕಾಂ. ಮುಗಿಸಿದ ಕೆಲವು ಹುಡುಗ ಹುಡುಗಿಯರು ಮತ್ತು ಹಾಸನದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಒಬ್ಬ ನಿವೃತ್ತ ಎಂಜಿನಿಯರ್ ಇದ್ದರು.

ಇಲ್ಲಿ ಏನು ಕಲಿಸುವುದಿಲ್ಲ ಎಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮೊದಲ ಭಾನುವಾರ ಬಂದವರಲ್ಲಿ ಕೆಲವರು ಅದೇ ಕಾರಣಕ್ಕೆ ಎರಡನೆಯ ಭಾನುವಾರ ಬರಲಿಲ್ಲ. ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ಮೇಷ್ಟ್ರು ಹೇಳುವುದಿಲ್ಲ. ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆ ತೆರೆಸಿ ಬ್ರೋಕರ್‌ನಿಂದ ಕಮಿಷನ್ ಪಡೆಯುವ ವ್ಯವಹಾರವೂ ಇಲ್ಲ. ಗೋಡೆಯ ಪರದೆಯ ಮೇಲೆ ಏರಿಳಿಯುವ ಕೆಂಪು ಹಸಿರು ಗೆರೆಗಳು ಕಾಣುವುದಿಲ್ಲ. ಶಿಕ್ಷಣದ ಹೆಸರಿನಲ್ಲಿ ಸಲಹೆ ಮಾರುವವರನ್ನು ತಡೆಯಲು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯು, ಕೇವಲ ಶಿಕ್ಷಣ ನೀಡುವವರು ಹಿಂದಿನ ಮೂರು ತಿಂಗಳ ಮಾರುಕಟ್ಟೆ ಬೆಲೆಗಳನ್ನು ಬಳಸಿ ಷೇರುಗಳ ಬಗ್ಗೆ ಮಾತನಾಡಬಾರದೆಂದು ವಿಧಿಸಿತ್ತು. ಮೇಷ್ಟ್ರು ಅದನ್ನು ಮೊದಲ ದಿನವೇ ಓದಿ ಹೇಳಿ, ತಮ್ಮ ಉದಾಹರಣೆಗಳೆಲ್ಲ ಹಳೆಯ ವಾರ್ಷಿಕ ವರದಿಗಳಿಂದ ಬರುತ್ತವೆ ಎಂದು ತಿಳಿಸಿದರು. ಷೇರುಗಳ ಮುಂದಿನ ಬೆಲೆಯ ಮೇಲೆ ಮಾಡಿಕೊಳ್ಳುವ ಒಪ್ಪಂದಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಬಗ್ಗೆ ಒಬ್ಬ ಹುಡುಗ ಕೇಳಿದಾಗ ಅವರು ಪಾಠ ಮಾಡದೆ ಸೆಬಿಯ 2024ರ ಸೆಪ್ಟೆಂಬರ್ ಅಧ್ಯಯನದ ಒಂದು ಸಾಲನ್ನಷ್ಟೇ ಬೋರ್ಡಿನ ಮೇಲೆ ಬರೆದರು: 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಆ ವ್ಯವಹಾರಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳ ಪೈಕಿ ಶೇಕಡಾ 93 ಮಂದಿ ನಷ್ಟ ಅನುಭವಿಸಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿದೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಕಲಿಸುವುದು ಒಂದೇ ಕೆಲಸವನ್ನು: ಒಂದು ಕಂಪನಿಯ ವಾರ್ಷಿಕ ವರದಿಯನ್ನು ಕೈಗೆ ತೆಗೆದುಕೊಂಡು, ಈ ಕಂಪನಿ ಹಣವನ್ನು ಎಲ್ಲಿಂದ ತರುತ್ತದೆ, ಎಲ್ಲಿ ಹೂಡುತ್ತದೆ, ಹೂಡಿದ್ದು ತಿರುಗಿ ಬರುತ್ತಿದೆಯೇ ಎಂದು ತಾಳ್ಮೆಯಿಂದ ಹುಡುಕುವುದು. ಇದನ್ನು ಮಲೆನಾಡಿನ ಜನರಿಗೆ ಕಲಿಸುವಾಗ ಎದುರಾಗುವ ವಿಶೇಷ ತೊಡಕೊಂದನ್ನು ಈ ತರಗತಿ ಚೆನ್ನಾಗಿ ಅರ್ಥಮಾಡಿಕೊಂಡಿದೆ. ನಮಗೆ ಕಾಫಿ ಗೊತ್ತು. ಹೂಮಳೆ ಯಾವಾಗ ಬಿದ್ದರೆ ಫಸಲು ಹೇಗೆ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ) ಎಷ್ಟು ಬಂದರೆ ಮೂಟೆಗೆ ಎಷ್ಟು ಸಿಗುತ್ತದೆ ಎಂದು ಇಲ್ಲಿನ ಶಾಲಾ ಮಕ್ಕಳೂ ಹೇಳಬಲ್ಲರು. ಆ ತಿಳಿವಳಿಕೆಯೇ ಕಾಫಿ ಕಂಪನಿಗಳ ಬಗೆಗಿನ ತಿಳಿವಳಿಕೆಯೂ ಹೌದೆಂದು ನಾವು ನಂಬಿಬಿಡುತ್ತೇವೆ.

ಎರಡನೆಯ ಭಾನುವಾರ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು, "ಸಾರ್, ಕಾಫಿಗೆ ಈ ರೇಟು ಬಂದಿದೆ ಅಂದ್ಮೇಲೆ ಕಾಫಿ ಕಂಪನಿ ಷೇರೂ ಏರ್‍ಲೇಬೇಕಲ್ವಾ?" ಎಂದು ಕೇಳಿದರು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ ನಾಲ್ಕು ಡಾಲರ್ ದಾಟಿ, 1977ರ ಹಳೆಯ ದಾಖಲೆಯನ್ನು ಬಹಳ ಹಿಂದೆ ಹಾಕಿದ್ದು ಎಲ್ಲರ ನೆನಪಿನಲ್ಲೂ ಇತ್ತು. ಮೇಷ್ಟ್ರು ಉತ್ತರ ಹೇಳಲಿಲ್ಲ. ಇನ್‌ಸ್ಟಂಟ್ ಕಾಫಿ ತಯಾರಿಸಿ ರಫ್ತು ಮಾಡುವ ಸಿಸಿಎಲ್ ಪ್ರಾಡಕ್ಟ್ಸ್‌ನ ಲಾಭ-ನಷ್ಟ ಪಟ್ಟಿಯನ್ನು ಹಂಚಿ, ಕಾಫಿ ಬೀಜ ಯಾವ ತಲೆಬರಹದ ಕೆಳಗೆ ಬರುತ್ತದೆ ಎಂದು ಹುಡುಕಲು ಹೇಳಿದರು. ಅದು ಆದಾಯದಲ್ಲಿ ಇರಲಿಲ್ಲ, ಕಚ್ಚಾ ಸಾಮಗ್ರಿಯ ಖರ್ಚಿನಲ್ಲಿತ್ತು. ಆಂಧ್ರದ ದುಗ್ಗಿರಾಲದಲ್ಲೂ ವಿಯೆಟ್ನಾಂನಲ್ಲೂ ಕಾರ್ಖಾನೆಗಳಿರುವ ಈ ಕಂಪನಿಗೆ ಬೀಜದ ಬೆಲೆಯ ಏರಿಕೆ ಎಂದರೆ ಮೊದಲು ಹೆಚ್ಚುವರಿ ಖರ್ಚು. ಬೀಜದ ಬೆಲೆಯ ಮೇಲೆ ಸಂಸ್ಕರಣೆಯ ಹಣ ಸೇರಿಸಿ ಮಾರುವ ಇಂಥ ವ್ಯಾಪಾರದಲ್ಲಿ ಬೀಜ ದುಬಾರಿಯಾದರೆ ಮಾರಾಟದ ಮೊತ್ತ ದೊಡ್ಡದಾಗಿ ಕಾಣುತ್ತದೆ, ಆದರೆ ಮಾರಿದ ಕಾಫಿಯ ತೂಕ ಹೆಚ್ಚಿರಬೇಕೆಂದಿಲ್ಲ. ಶೇಕಡಾವಾರು ಲಾಭ ತಗ್ಗುತ್ತದೆ, ಕಿಲೋಗೆ ಉಳಿಯುವ ಹಣ ಹಾಗೆಯೇ ಇರಬಹುದು. ಅಷ್ಟೇ ದಾಸ್ತಾನು ಹಿಡಿಯಲು ಬ್ಯಾಂಕಿನಿಂದ ಹೆಚ್ಚು ಸಾಲ ಎತ್ತಬೇಕಾಗುತ್ತದೆ. ಈ ನಾಲ್ಕು ಸಂಗತಿಗಳನ್ನೂ ಅವರು ತಾವಾಗಿ ಹೇಳದೆ, ಬೋರ್ಡಿನ ಮೇಲೆ ಊಹೆಯ ಅಂಕಿಗಳನ್ನು ಬರೆದು ನಮ್ಮಿಂದಲೇ ಹೊರಡಿಸಿದರು. ಬೆಳೆಗಾರನ ಆದಾಯವೇ ಕಂಪನಿಯ ಖರ್ಚು ಎಂಬುದು ಕೇಳಿದರೆ ಎಷ್ಟು ಸರಳ, ಆದರೆ ಆ ಕೋಣೆಯಲ್ಲಿದ್ದ ಅರ್ಧದಷ್ಟು ಮಂದಿ ಆವರೆಗೆ ಹಾಗೆ ಯೋಚಿಸಿರಲಿಲ್ಲ.

ಟಾಟಾ ಕಾಫಿಯ ಉದಾಹರಣೆ ಇನ್ನೂ ಹತ್ತಿರದ್ದು. ಕೊಡಗು, ಹಾಸನ, ಚಿಕ್ಕಮಗಳೂರುಗಳಲ್ಲಿ ತೋಟಗಳನ್ನು ಹೊಂದಿದ್ದ ಆ ಕಂಪನಿಯನ್ನು ನಮ್ಮಲ್ಲಿ ಎಲ್ಲರೂ ತೋಟದ ಕಂಪನಿ ಎಂದೇ ತಿಳಿದಿದ್ದರು. ವಿಭಾಗವಾರು ವರದಿಯ ಟಿಪ್ಪಣಿಯನ್ನು ತೆರೆದಾಗ, ಅಂಗಸಂಸ್ಥೆಗಳನ್ನೂ ಸೇರಿಸಿದ ಏಕೀಕೃತ ವಹಿವಾಟಿನಲ್ಲಿ ತೋಟಗಳದ್ದು ಚಿಕ್ಕ ಪಾಲು, 2006ರಲ್ಲಿ ಕೊಂಡ ಅಮೆರಿಕದ ಎಯ್ಟ್ ಓ ಕ್ಲಾಕ್ ಕಾಫಿಯೂ ಸೇರಿದಂತೆ ಸಂಸ್ಕರಿತ ಉತ್ಪನ್ನಗಳದ್ದೇ ದೊಡ್ಡ ಪಾಲು ಎಂಬುದು ಕಾಣಿಸಿತು. 2024ರ ಜನವರಿ 1ರಂದು ಜಾರಿಗೆ ಬಂದ ಯೋಜನೆಯ ಪ್ರಕಾರ ಈ ಕಂಪನಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಸಮೂಹದೊಳಗೆ ಸೇರಿಹೋಯಿತು. ತೋಟಗಳ ವಿಭಾಗವನ್ನು ಬೇರ್ಪಡಿಸಿದ್ದಕ್ಕಾಗಿ ಟಾಟಾ ಕಾಫಿಯ 22 ಷೇರಿಗೆ ಟಾಟಾ ಕನ್ಸ್ಯೂಮರ್‌ನ 1, ಉಳಿದ ವ್ಯವಹಾರದ ವಿಲೀನಕ್ಕಾಗಿ 55 ಷೇರಿಗೆ 14 ಎಂಬ ಲೆಕ್ಕವನ್ನು ಬಿಡಿಸಿ ಕೂಡಿದರೆ ಸರಿಯಾಗಿ 10 ಷೇರಿಗೆ 3 ಆಗುತ್ತದೆ. ಖಾತೆಯಲ್ಲಿ 100 ಇದ್ದದ್ದು 30 ಆಯಿತೆಂದು ಆವರೆಗೆ ಗೊಣಗುತ್ತಿದ್ದ ಒಬ್ಬ ಉಪನ್ಯಾಸಕರು ಆ ದಿನ ಭಿನ್ನರಾಶಿಯನ್ನು ತಾವೇ ಕೂಡಿ ನೋಡಿ ಸುಮ್ಮನಾದರು.

ನಗದು ಹರಿವಿನ ಪಟ್ಟಿಗೆ ಎರಡು ಭಾನುವಾರಗಳನ್ನು ಪೂರ್ತಿ ಕೊಟ್ಟಿರುವುದು ಈ ತರಗತಿಯ ಅತ್ಯುತ್ತಮ ನಿರ್ಧಾರ. ಲಾಭ ಬಂದಿದೆ ಎಂದು ಬರೆದುಕೊಳ್ಳುವುದಕ್ಕೂ ಹಣ ಕೈಗೆ ಬರುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು, ವ್ಯಾಪಾರಿಗೆ ಕಾಫಿ ತೂಗಿ ಕೊಟ್ಟು ಹಣಕ್ಕಾಗಿ ತಿಂಗಳುಗಟ್ಟಲೆ ಅಲೆದ ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಅದೇ ದೂರವನ್ನು ಮುದ್ರಿತ ಪುಟದ ಮೇಲೆ ಗುರುತಿಸುವುದು ಬೇರೆಯೇ ವಿದ್ಯೆ. ಮೇಷ್ಟ್ರ ಲೆಕ್ಕ ಹೀಗಿತ್ತು: ಒಂದು ಕಂಪನಿಯ ವರ್ಷದ ಮಾರಾಟ 100 ಕೋಟಿ, ಲಾಭ 10 ಕೋಟಿ, ಗಿರಾಕಿಗಳಿಂದ ಬರಬೇಕಾದ ಬಾಕಿ ಹಿಂದಿನ ವರ್ಷ 15 ಕೋಟಿ ಇದ್ದದ್ದು ಈ ವರ್ಷ 27 ಕೋಟಿ. ಸವಕಳಿ (ಯಂತ್ರ, ಕಟ್ಟಡಗಳ ಬೆಲೆ ವರ್ಷವರ್ಷ ತಗ್ಗುವ ಲೆಕ್ಕ), ದಾಸ್ತಾನುಗಳನ್ನು ಸದ್ಯಕ್ಕೆ ಬದಿಗಿಟ್ಟರೆ, 10 ಕೋಟಿ ಲಾಭ ತೋರಿಸಿದ ವ್ಯವಹಾರದಿಂದ ನಿಜವಾಗಿ 2 ಕೋಟಿ ಹೊರಗೆ ಹೋಗಿದೆ. ಈ ಒಂದು ವರ್ಷ ಹೀಗಾದರೆ ಕಾರಣ ಇರಬಹುದು, ಐದು ವರ್ಷ ಸತತವಾಗಿ ಹೀಗಾದರೆ ಲಾಭದ ಅಂಕಿಯನ್ನೇ ಅನುಮಾನಿಸಬೇಕು ಎಂಬುದು ಅವರ ನಿಲುವು. ಮನೆಗೆಲಸವಾಗಿ ಪ್ರತಿಯೊಬ್ಬರೂ ತಾವು ಆರಿಸಿದ ಕಂಪನಿಯ ಐದು ವರ್ಷಗಳ ನಿವ್ವಳ ಲಾಭವನ್ನೂ ವ್ಯವಹಾರದಿಂದ ಬಂದ ನಗದನ್ನೂ ಪಕ್ಕಪಕ್ಕದಲ್ಲಿ ಬರೆದು ಕೂಡಬೇಕಿತ್ತು. ಇಷ್ಟು ಉಪಯುಕ್ತವಾದ ಮನೆಗೆಲಸವನ್ನು ನನ್ನ ವಿದ್ಯಾರ್ಥಿ ಜೀವನದಲ್ಲಿ ಯಾರೂ ಕೊಟ್ಟಿರಲಿಲ್ಲ.

ಇನ್ನು ಈ ಊರಿನಲ್ಲಿ ವ್ಯವಹಾರ ವಿಶ್ಲೇಷಣೆ ಕಲಿಸುವವರು ಕಾಫಿ ಡೇ ಎಂಟರ್‌ಪ್ರೈಸಸ್ ಅನ್ನು ದಾಟಿಹೋಗಲು ಸಾಧ್ಯವಿಲ್ಲ. ಅದರ ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರ ಬಗ್ಗೆ ಇಲ್ಲಿನ ಜನರಿಗಿರುವ ಗೌರವ ಮತ್ತು ನೋವು ಎರಡೂ ದೊಡ್ಡವು. ತರಗತಿಯಲ್ಲೇ ಆ ಸಂಸ್ಥೆಯಲ್ಲಿ ಕೆಲಸ ಮಾಡಿದ ಒಬ್ಬರಿದ್ದರು. ಮೇಷ್ಟ್ರು ವ್ಯಕ್ತಿಯ ಬಗ್ಗೆ ಒಂದು ಮಾತೂ ಆಡದೆ, ಮುದ್ರಿತ ಕಾಗದಗಳನ್ನಷ್ಟೇ ಮೇಜಿನ ಮೇಲಿಟ್ಟರು. 2015ರ ಅಕ್ಟೋಬರ್‌ನಲ್ಲಿ ಷೇರಿಗೆ 328 ರೂಪಾಯಿಯಂತೆ 1,150 ಕೋಟಿ ರೂಪಾಯಿ ಎತ್ತಿದ ಕಂಪನಿಯ ಒಳಗೆ ಕಾಫಿ ಅಂಗಡಿಗಳಲ್ಲದೆ ತಂತ್ರಜ್ಞಾನ ಪಾರ್ಕ್, ಸಿಕಾಲ್ ಎಂಬ ಸಾಗಣೆ ಕಂಪನಿ, ಹಣಕಾಸು ಸೇವೆ, ಅತಿಥಿಗೃಹಗಳು ಮತ್ತು ಮೈಂಡ್‌ಟ್ರೀಯ ಷೇರುಗಳೂ ಇದ್ದವು. ಅಂಗಡಿಯಲ್ಲಿ ಕಪ್ಪಿಗೆ ಕಪ್ಪು ಮಾರಾಟವಾಗುವುದನ್ನು ಕಣ್ಣಾರೆ ಕಂಡು ಷೇರು ಕೊಂಡವರು, ತಾವು ಕೊಂಡದ್ದರಲ್ಲಿ ಆ ಅಂಗಡಿ ಒಂದು ಭಾಗ ಮಾತ್ರ ಎಂಬುದನ್ನು ಗಮನಿಸಿರಲಿಲ್ಲ. 2019ರ ಮಾರ್ಚ್ ಅಂತ್ಯಕ್ಕೆ ಸಮೂಹದ ಸಾಲ 7,200 ಕೋಟಿ ರೂಪಾಯಿಗಳ ಆಸುಪಾಸಿನಲ್ಲಿತ್ತು, ಪ್ರವರ್ತಕರ, ಅಂದರೆ ಕಂಪನಿ ಕಟ್ಟಿ ನಡೆಸುವವರ, ಷೇರುಗಳಲ್ಲಿ ಬಹುಪಾಲು ಸಾಲಕ್ಕೆ ಅಡವಿನಲ್ಲಿದ್ದವು. ಇವೆರಡೂ ಪ್ರಕಟಿತ ಸಂಗತಿಗಳು, ಪ್ರತಿ ತ್ರೈಮಾಸಿಕದ ಷೇರುದಾರರ ಪಟ್ಟಿಯಲ್ಲಿ ಅಡವಿನ ಕಾಲಮ್ಮೇ ಇರುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸದಿರುವುದರಲ್ಲಿ ಈ ಬೋಧಕರ ಪ್ರಾಮಾಣಿಕತೆ ಕಾಣುತ್ತದೆ. ಕಂಪನಿಯೇ ನೇಮಿಸಿದ ತನಿಖೆಯ ವರದಿ 2020ರ ಜುಲೈನಲ್ಲಿ ಹೊರಬಂದಾಗ, ಪ್ರವರ್ತಕರಿಗೆ ಸಂಬಂಧಿಸಿದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಸಂಸ್ಥೆಯಿಂದ ಅಂಗಸಂಸ್ಥೆಗಳಿಗೆ 3,535 ಕೋಟಿ ರೂಪಾಯಿ ಬರಬೇಕಿದೆ ಎಂದು ತಿಳಿಯಿತು. ಅದರಲ್ಲಿ 2019ರ ಮಾರ್ಚ್ 31ರ ಲೆಕ್ಕಪತ್ರಗಳಲ್ಲಿ ಕಂಡಿದ್ದು 842 ಕೋಟಿ. ಉಳಿದ 2,693 ಕೋಟಿ ಅದರಾಚೆಗಿನದು. ಸೆಬಿ 2023ರ ಜನವರಿಯ ಆದೇಶದಲ್ಲಿ ಕಂಪನಿಗೆ 26 ಕೋಟಿ ರೂಪಾಯಿ ದಂಡ ವಿಧಿಸಿತು. ಸಂಬಂಧಿತ ಪಕ್ಷಗಳ (ಪ್ರವರ್ತಕರ ಬೇರೆ ಸಂಸ್ಥೆಗಳಂಥವುಗಳ) ವ್ಯವಹಾರದ ಟಿಪ್ಪಣಿಯನ್ನು ಎಷ್ಟೇ ಶ್ರದ್ಧೆಯಿಂದ ಓದಿದವರಿಗೂ ಆ 842 ಕೋಟಿ ಮಾತ್ರ ಕಾಣುತ್ತಿತ್ತು, ಮಿಕ್ಕಿದ್ದು ಕಾಣುತ್ತಿರಲಿಲ್ಲ. ವಾರ್ಷಿಕ ವರದಿ ಓದಲು ಕಲಿತವನು ಎಲ್ಲ ಗಂಡಾಂತರಗಳಿಂದ ಪಾರಾಗುತ್ತಾನೆ ಎಂದು ಹೇಳಿ ಶುಲ್ಕ ವಸೂಲು ಮಾಡುವುದು ಸುಲಭವಿತ್ತು. ಅದರ ಬದಲು, ಕಂಡ ಸಾಲವೂ ಕಂಡ ಅಡವೂ ದೂರ ನಿಲ್ಲಲು ಸಾಕಷ್ಟು ಕಾರಣ ಕೊಡುತ್ತಿದ್ದವು, ಕಾಣದ್ದನ್ನು ಊಹಿಸುವ ಶಕ್ತಿ ಯಾರಿಗೂ ಇಲ್ಲ, ಆದ್ದರಿಂದಲೇ ಒಂದೇ ಕಂಪನಿಯಲ್ಲಿ ಇಡುವ ಹಣಕ್ಕೆ ಮಿತಿ ಬೇಕು ಎಂದು ಅವರು ಪಾಠ ಮುಗಿಸಿದರು. ಇಡೀ ಸರಣಿಯಲ್ಲಿ ನನಗೆ ಬಹಳ ಹಿಡಿಸಿದ ಮೂರು ಗಂಟೆಗಳು ಅವು.

ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ ಕೆಐಒಸಿಎಲ್ ಕೂಡ ಪಾಠದಲ್ಲಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ ಅಲ್ಲಿನ ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ನಿಂತ ಮೇಲೆ, ಸ್ವಂತ ಅದಿರಿದ್ದ ಕಂಪನಿ ಹೊರಗಿನ ಅದಿರನ್ನು ಕೊಂಡು ಮಂಗಳೂರಿನಲ್ಲಿ ಪೆಲ್ಲೆಟ್ (ಅದಿರಿನ ಉಂಡೆ) ತಯಾರಿಸುವ ಕಂಪನಿಯಾಯಿತು. ಹೆಸರು ಅದೇ ಉಳಿದರೂ ವ್ಯಾಪಾರದ ಬುಡವೇ ಬದಲಾದದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗಲಿಕ್ಕಿಲ್ಲ. ಅದರ ಷೇರುಗಳಲ್ಲಿ ಶೇಕಡಾ 99ರಷ್ಟು ಭಾರತ ಸರ್ಕಾರದ ಬಳಿ ಇರುವುದರಿಂದ, ಮಾರುಕಟ್ಟೆಯಲ್ಲಿ ಕೈ ಬದಲಾಯಿಸುವ ಉಳಿದ ಒಂದು ಪಾಲಿನ ಬೆಲೆಯನ್ನು ಹಿಡಿದು ಇಡೀ ಕಂಪನಿಗೆ ಬೆಲೆ ಕಟ್ಟುವುದು ಎಷ್ಟು ಸರಿ ಎಂಬ ಪ್ರಶ್ನೆಯ ಮೇಲೆ ಒಳ್ಳೆಯ ಚರ್ಚೆ ನಡೆಯಿತು. ಹಾಸನದ ವಿಶೇಷ ಆರ್ಥಿಕ ವಲಯದಲ್ಲಿ ಹಾಸಿಗೆ ಬಟ್ಟೆ, ಟವೆಲ್ ತಯಾರಿಸಿ ರಫ್ತು ಮಾಡುವ ಹಿಮತ್‌ಸಿಂಗ್ಕಾ ಸೈಡೆಯನ್ನು ತೆಗೆದುಕೊಂಡು, ದೊಡ್ಡ ಕಾರ್ಖಾನೆ ಕಟ್ಟಿದ ಕಂಪನಿಯ ಪಟ್ಟಿಗಳಲ್ಲಿ ಸವಕಳಿ ಮತ್ತು ಬಡ್ಡಿ ಹೇಗೆ ಕಾಣಿಸಿಕೊಳ್ಳುತ್ತವೆ ಎಂದು ತೋರಿಸಿದ್ದು ಹಾಸನದ ಎಂಜಿನಿಯರ್ ಅವರಿಗೆ ವಿಶೇಷ ಸಂತೋಷ ತಂದಿತು. 200 ಕೋಟಿ ಬಂಡವಾಳ ಬಡ್ಡಿ ಮತ್ತು ತೆರಿಗೆಗೆ ಮುಂಚೆ 18 ಕೋಟಿ ದುಡಿದರೆ ಅದು ಶೇಕಡಾ 9; ಸಾಲದ ಬಡ್ಡಿ ಶೇಕಡಾ 10 ಇರುವಾಗ ಹಾಗೆ ಸಾಲ ಮಾಡಿ ಬೆಳೆಯುತ್ತ ಹೋದಷ್ಟೂ ಷೇರುದಾರನಿಗೆ ನಷ್ಟವೇ ಎಂಬ ಸಾಮಾನ್ಯ ಲೆಕ್ಕವೂ ಅಂದೇ ಬಂತು.

ಕಾಗದದ ಷೇರುಗಳ ಬಗ್ಗೆ ಅರ್ಧ ಗಂಟೆ ಮಾತ್ರ ಇತ್ತು, ಆದರೆ ಮನೆಯ ಬೀರುವಿನಲ್ಲಿ ಅಜ್ಜನ ಕಾಲದ ಷೇರುಪತ್ರ ಇರುವವರಿಗೆ ಅದೇ ಶುಲ್ಕದ ಬೆಲೆ ಬಾಳುತ್ತದೆ. 2019ರ ಏಪ್ರಿಲ್‌ನಿಂದ ಕಾಗದದ ರೂಪದಲ್ಲಿ ಷೇರು ವರ್ಗಾವಣೆ ನಿಂತಿದೆ. ಸತತ ಏಳು ವರ್ಷ ಲಾಭಾಂಶ ಪಡೆಯದೇ ಹೋದರೆ ಆ ಷೇರುಗಳು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ, ಅರ್ಜಿ ಹಾಕಿ ಮರಳಿ ಪಡೆಯಬಹುದು. ತೆರಿಗೆಯ ಮಾತೂ ಚುಟುಕಾಗಿ ಬಂತು: 2024ರ ಜುಲೈ 23ರಿಂದ ನೋಂದಾಯಿತ ಷೇರುಗಳ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ್ದಕ್ಕೆ ಶೇಕಡಾ 12.5, ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ ಶೇಕಡಾ 20. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದ ಲೋಕದಲ್ಲಿ ಬೆಳೆದವರಿಗೆ ಇದನ್ನು ಎರಡು ಸಲ ಹೇಳಬೇಕಾಯಿತು.

ಕೊರತೆಗಳು ಇಲ್ಲದಿಲ್ಲ. ಮೊದಲನೆಯದು, ಷೇರಿನ ಬೆಲೆ ನಿರ್ಧರಿಸುವ ಪಾಠವನ್ನು ಕೊನೆಯ ಭಾನುವಾರಕ್ಕೆ ತಳ್ಳಿ ಅವಸರದಲ್ಲಿ ಮುಗಿಸಿದ್ದು. ಒಳ್ಳೆಯ ಕಂಪನಿಯನ್ನು ಗುರುತಿಸಲು ಇಷ್ಟೊಂದು ಶ್ರಮ ವಹಿಸಿದ ಮೇಲೆ, ಅದಕ್ಕೆ ಎಷ್ಟು ಕೊಡಬಹುದು ಎಂಬುದಕ್ಕೆ ಒಂದೂವರೆ ಗಂಟೆ ಏನೇನೂ ಸಾಲದು. ಆ ಅವಧಿಯಲ್ಲೂ ಒಂದು ಅಮೂಲ್ಯ ವಿಚಾರ ಬಂತು: ತೋಟದ ಕಂಪನಿಯೊಂದು ಬೆಲೆ ತಾರಕದಲ್ಲಿದ್ದ ವರ್ಷ ಷೇರಿಗೆ 40 ರೂಪಾಯಿ ಗಳಿಸಿದ್ದು, ಷೇರಿನ ಬೆಲೆ 320 ಇದ್ದರೆ ಬೆಲೆ-ಗಳಿಕೆ ಅನುಪಾತ 8 ಆಗಿ ಅಗ್ಗವೆನಿಸುತ್ತದೆ, ಸಾಮಾನ್ಯ ವರ್ಷದಲ್ಲಿ ಅದು ಗಳಿಸುವುದು 10 ರೂಪಾಯಿಯಾದರೆ ನೀವು ಕೊಟ್ಟದ್ದು 32 ಪಟ್ಟು. ಕಾಫಿ ಬೆಲೆಯ ಏರಿಳಿತವನ್ನು ಕಂಡುಂಡ ಬೆಳೆಗಾರನಿಗೆ ನಿಜವಾಗಿ ಅನುಕೂಲ ಇರುವುದು ಇಲ್ಲಿ, ಈ ವರ್ಷದ ಗಳಿಕೆ ಮುಂದಿನ ವರ್ಷ ಇರುವುದಿಲ್ಲ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಎಳೆಯನ್ನು ಹಿಡಿದು ಎರಡು ತರಗತಿ ನಡೆಸಬಹುದಿತ್ತು.

ಎರಡನೆಯದು, ಬ್ಯಾಂಕುಗಳನ್ನು ಪೂರ್ತಿ ಬಿಟ್ಟಿರುವುದು. ನಮ್ಮ ಭಾಗದ ಮನೆಗಳಲ್ಲಿ ಇರುವ ಷೇರುಗಳೆಂದರೆ ಹೆಚ್ಚಾಗಿ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳವು. ವಿಲೀನವಾದಾಗ ಸಿಂಡಿಕೇಟ್ ಬ್ಯಾಂಕಿನ 1,000 ಷೇರಿಗೆ ಕೆನರಾ ಬ್ಯಾಂಕಿನ 158, ವಿಜಯಾ ಬ್ಯಾಂಕಿನ 1,000ಕ್ಕೆ ಬ್ಯಾಂಕ್ ಆಫ್ ಬರೋಡಾದ 402 ಏಕೆ ಸಿಕ್ಕಿತು ಎಂದು ಇಂದಿಗೂ ಕೇಳುವವರಿದ್ದಾರೆ. ಠೇವಣಿಯೇ ಹೊಣೆಯಾಗಿ, ಕೊಟ್ಟ ಸಾಲವೇ ಆಸ್ತಿಯಾಗಿ ಕಾಣುವ ಬ್ಯಾಂಕಿನ ಬ್ಯಾಲೆನ್ಸ್ ಶೀಟಿಗೆ ಈ ತರಗತಿಯಲ್ಲಿ ಕಲಿತ ಸಾಲ-ಬಂಡವಾಳ ಅನುಪಾತವಾಗಲಿ ನಗದು ಹರಿವಿನ ಪರೀಕ್ಷೆಯಾಗಲಿ ಹೊಂದುವುದಿಲ್ಲ. ಹಾಗೆ ಹೊಂದುವುದಿಲ್ಲ ಎಂದಾದರೂ ಎಚ್ಚರಿಸಬೇಕಿತ್ತು. ಅರಿಯದೆ ಅದೇ ಅಳತೆಗೋಲನ್ನು ಹಿಡಿದು ಹೊರಟ ಇಬ್ಬರು ಸಹಪಾಠಿಗಳನ್ನು ನಾನು ಬಲ್ಲೆ.

ಮೂರನೆಯದು ಸಣ್ಣದು, ಆದರೆ ಪ್ರತಿ ವಾರ ಕಾಡಿದ್ದು. ಹಂಚುವ ಪ್ರತಿಗಳೆಲ್ಲ ಇಂಗ್ಲಿಷಿನ ವರದಿಗಳಿಂದ ಜೆರಾಕ್ಸ್ ಮಾಡಿದವು, ಟಿಪ್ಪಣಿಗಳ ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಪಾಠ ಸೊಗಸಾದ ಕನ್ನಡದಲ್ಲಿ ನಡೆಯುತ್ತದೆ ನಿಜ, ಆದರೆ ಮನೆಗೆ ಹೋಗಿ ತಿರುವಿ ನೋಡಲು ಕನ್ನಡದಲ್ಲಿ ನಾಲ್ಕು ಪುಟಗಳ ಟಿಪ್ಪಣಿಯೂ ಇಲ್ಲ. ಡಿಸೆಂಬರ್‌ನಲ್ಲಿ ತಂಡ ಆರಂಭಿಸುವುದು ಕೂಡ ವಿವೇಕದ ಕೆಲಸವಲ್ಲ. ಕುಯ್ಲು ಬಿಟ್ಟು ಬೆಳೆಗಾರರು ಭಾನುವಾರ ಬೆಳಿಗ್ಗೆ ಪೇಟೆಗೆ ಬಂದು ಕೂರಲಾರರು, ಐದನೆಯ ವಾರದ ಹೊತ್ತಿಗೆ ಹಿಂದಿನ ಎರಡು ಸಾಲುಗಳು ಖಾಲಿಯಾಗಿದ್ದವು.

4,500 ರೂಪಾಯಿ ಹೆಚ್ಚೇ ಎಂದು ಹಲವರು ಕೇಳಿದ್ದಾರೆ. ಮಾರುಕಟ್ಟೆಯ ತೀರಾ ಮೊದಲ ಪಾಠಗಳು, ಅಂದರೆ ಡಿಮ್ಯಾಟ್ ಎಂದರೇನು, ಮ್ಯೂಚುವಲ್ ಫಂಡ್ ಎಂದರೇನು, ದೂರನ್ನು ಸೆಬಿಯ ದೂರು ತಾಣವಾದ ಸ್ಕೋರ್ಸ್‌ನಲ್ಲಿ ಹೇಗೆ ದಾಖಲಿಸಬೇಕು ಎಂಬುವು ಮಾತ್ರ ಬೇಕಿದ್ದವರು ಇಲ್ಲಿಗೆ ಬರಬೇಕಾಗಿಲ್ಲ. ಸೆಬಿಯ ಹೂಡಿಕೆದಾರರ ತಾಣದಲ್ಲೂ ಸಾರಥಿ ಆ್ಯಪ್‌ನಲ್ಲೂ ಅವು ಉಚಿತವಾಗಿ ಸಿಗುತ್ತವೆ, ಸೆಬಿ ಸ್ಥಾಪಿಸಿದ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಹೂಡಿಕೆದಾರರ ಪ್ರಮಾಣಪತ್ರ ಪರೀಕ್ಷೆಗೂ ಶುಲ್ಕವಿಲ್ಲ. ಕೂಡುವ ಕಳೆಯುವ ಲೆಕ್ಕಕ್ಕೆ ಬೇಸರಪಡದೆ, ಒಂದು ಕಂಪನಿಯ ಇನ್ನೂರು ಪುಟಗಳ ವರದಿಯನ್ನು ಪೆನ್ಸಿಲ್ ಹಿಡಿದು ಓದುವ ಮನಸ್ಸಿದ್ದವರಿಗೆ ಇದು ಖಂಡಿತ ದುಬಾರಿಯಲ್ಲ. ಮುಂದಿನ ತಂಡವನ್ನು ಮಳೆಗಾಲದಲ್ಲಿ, ಜೂನ್ ಹೊತ್ತಿಗೆ ಆರಂಭಿಸುವುದಾಗಿ ಮೇಷ್ಟ್ರು ಹೇಳಿದ್ದಾರೆ; ಬ್ಯಾಂಕುಗಳಿಗೆಂದು ಒಂಬತ್ತನೆಯ ಭಾನುವಾರ ಸೇರಿಸಬೇಕೆಂಬ ನಮ್ಮ ಬೇಡಿಕೆಗೆ ನೋಡೋಣ ಎಂದಿದ್ದಾರೆ. ಸೇರುವವರು ಹೆಸರು ಬರೆಸುವಾಗ ಅದನ್ನೊಮ್ಮೆ ಕೇಳಿಕೊಳ್ಳಿ, ಹೋಗುವಾಗ ತಮ್ಮಲ್ಲಿ ಈಗಾಗಲೇ ಇರುವ ಯಾವುದಾದರೂ ಒಂದು ಷೇರಿನ ಕಂಪನಿಯ ಐದು ವರ್ಷಗಳ ವಾರ್ಷಿಕ ವರದಿಗಳನ್ನು ಮುದ್ರಿಸಿಕೊಂಡು ಹೋಗಿ.